ಹಿತ್ತಿಲಲ್ಲಿ ಜೀಗುಜ್ಜೆ: ಬೇರಿನ ತುಂಡಿನಿಂದ ಪೋಡಿಯವರೆಗೆ

ಜೀಗುಜ್ಜೆಯನ್ನು ಹಲಸಿನ ಹಾಗೆ ಬೆಳೆಸಲು ಹೋದರೆ ಮೂರು ಕಡೆ ಕೈಕೊಡುತ್ತದೆ. ಹಲಸಿಗೆ ಬೀಜ ಊರಿದರೆ ಸಾಕು, ನಮ್ಮ ಜೀಗುಜ್ಜೆಗೆ ಬೀಜವೇ ಇಲ್ಲ. ಹಲಸು ಕಾಂಡದಲ್ಲೇ ಕಾಯಿ ಬಿಡುತ್ತದೆ, ಇದು ಗೆಲ್ಲಿನ (ಕೊಂಬೆಯ) ತುದಿಯಲ್ಲಿ ಬಿಡುತ್ತದೆ. ಹಲಸಿನ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಜೀಗುಜ್ಜೆಯ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. ಗಿಡ ಮಾಡುವುದು, ನೆಡುವುದು, ಗೆಲ್ಲು ಸವರುವುದು, ಗೊಬ್ಬರ ಹಾಕುವುದು ಎಲ್ಲವನ್ನೂ ಈ ಮೂರು ಸಂಗತಿ ನೋಡಿಕೊಂಡೇ ಮಾಡಬೇಕು.

ದೀವಿ ಹಲಸು, ಬೇರು ಹಲಸು, ಕೊಂಕಣಿ ಮನೆಗಳ ಜೀವ್ ಕಡ್ಗಿ ಎಲ್ಲ ಇದೇ ಮರ. ಸಸ್ಯಶಾಸ್ತ್ರದಲ್ಲಿ ಆರ್ಟೋಕಾರ್ಪಸ್ ಆಲ್ಟಿಲಿಸ್. ಹಲಸು, ಹೆಬ್ಬಲಸು ಇದೇ ಕುಲದವು. ಆದರೆ ಹಲಸು ಪಶ್ಚಿಮ ಘಟ್ಟದ್ದು, ಜೀಗುಜ್ಜೆ ಶಾಂತಸಾಗರದ ದ್ವೀಪಗಳದ್ದು. ನ್ಯೂಗಿನಿ ಕಡೆಯ ಬೀಜ ತುಂಬಿದ ಒಂದು ಜಾತಿಯಿಂದ ಆಯ್ದು ಆಯ್ದು, ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಬೇರು ಮತ್ತು ಕಂದುಗಳನ್ನು (ಬೇರಿನಿಂದ ಏಳುವ ಮರಿಗಿಡಗಳನ್ನು) ಒಯ್ದು, ಅಲ್ಲಿನ ಜನ ಬೀಜವಿಲ್ಲದ ತಳಿಗಳನ್ನು ಉಳಿಸಿಕೊಂಡರು. ಬೀಜವಿಲ್ಲದ ತಳಿಗೆ ಪರಾಗಸ್ಪರ್ಶವೂ ಬೇಡ. ಹಾಗಾಗಿ ಹಿತ್ತಿಲಲ್ಲಿ ಒಂದೇ ಮರವಿದ್ದರೂ ಕಾಯಿ ಬಿಡುತ್ತದೆ, ಜೋಡಿ ಮರ ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹವೆಯ ಚಿಂತೆ ನಮಗಿಲ್ಲ. 21ರಿಂದ 32 ಡಿಗ್ರಿ ಸೆಲ್ಸಿಯಸ್ ಸೆಕೆ, ಗಾಳಿಯಲ್ಲಿ ತೇವ, ವರ್ಷಕ್ಕೆ 1500 ಮಿಲಿಮೀಟರಿಗೆ ಮೇಲ್ಪಟ್ಟ ಮಳೆ ಇದ್ದರೆ ಅದಕ್ಕೆ ಸುಖ. ಮಂಗಳೂರು, ಉಡುಪಿಯಲ್ಲಿ ಸುರಿಯುವುದು ಅದರ ಎರಡು ಪಟ್ಟಿಗೂ ಹೆಚ್ಚು. ನಮ್ಮ ಕಷ್ಟ ಇರುವುದು ಆ ನೀರು ಬುಡದಲ್ಲಿ ನಿಲ್ಲುವುದರಲ್ಲಿ ಮತ್ತು ಡಿಸೆಂಬರಿನಿಂದ ಏಪ್ರಿಲ್ ತನಕ ಮಳೆ ಇಲ್ಲವೆನ್ನುವಷ್ಟು ಕಡಿಮೆ ಇರುವುದರಲ್ಲಿ.

ಬೇರಿನಿಂದ ಗಿಡ ಮಾಡುವುದು

ಮೊದಲು ತಾಯಿಮರ. ಐದಾರು ವರ್ಷದಿಂದ ತಪ್ಪದೆ ಕಾಯಿ ಬಿಡುವ, ಕಾಯಿ ಬೇಗ ಉದುರದ, ನೀವು ಒಮ್ಮೆ ಅಡುಗೆ ಮಾಡಿ ತಿಂದು ನೋಡಿದ ಮರವನ್ನೇ ಆರಿಸಿ. ಬೇರಿನಿಂದ ಬಂದ ಗಿಡ ತಾಯಿಯ ಪಡಿಯಚ್ಚು. ತಾಯಿಮರದ ಕಾಯಿ ನೀರುನೀರಾಗಿದ್ದರೆ ಮಗುವಿನದ್ದೂ ಹಾಗೆಯೇ.

ಬೇರು ತೆಗೆಯಲು ತುಳುವಿನ ಪೆರಾರ್ದೆ, ಪುಯಿಂತೆಲ್ ತಿಂಗಳು, ಅಂದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನ ತನಕ ಒಳ್ಳೆಯದು. ಮಳೆಗಾಲದ ಬೆಳೆ ಮುಗಿದು ಮರ ಸುಮ್ಮನಿರುವ ಹೊತ್ತು ಅದು. ಮುಂದಿನ ಚಿಗುರಿಗೆ ಬೇಕಾದ ಪಿಷ್ಟ ಆಗ ಬೇರಿನಲ್ಲೇ ಕೂಡಿರುತ್ತದೆ. ಹೊಸ ಚಿಗುರು, ಹೂ ಹೊರಟ ಮೇಲೆ ತೆಗೆದ ಬೇರಿನಲ್ಲಿ ಆ ಕಸುವು ಉಳಿದಿರುವುದಿಲ್ಲ, ಕಂದು ಬರುವುದೂ ಕಡಿಮೆ. ಆಟಿಯ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ) ಮಳೆಯಲ್ಲಿ ತೆಗೆದದ್ದು ಕೊಳೆಯುವುದೇ ಹೆಚ್ಚು.

ಬುಡದಿಂದ ಮೂರ್ನಾಲ್ಕು ಅಡಿ ದೂರದಲ್ಲಿ ಕೈಯಿಂದ ಅಥವಾ ಸಣ್ಣ ಕೊಟ್ಟಿನಿಂದ ಮಣ್ಣು ಸರಿಸಿ. ಪಿಕ್ಕಾಸು ಬೇಡ, ಅದು ಬೇಕಾದ ಬೇರಿನ ಜತೆ ಬೇಡದ ಹತ್ತು ಬೇರಿಗೂ ಗಾಯ ಮಾಡುತ್ತದೆ. ಹೆಬ್ಬೆರಳಿನಷ್ಟು ದಪ್ಪ, ಅಂದರೆ ಎರಡರಿಂದ ನಾಲ್ಕು ಸೆಂಟಿಮೀಟರ್ ಅಡ್ಡಳತೆಯ ಬೇರು ಸಿಕ್ಕರೆ ಅದೇ ಬೇಕಾದದ್ದು. ಪೆನ್ಸಿಲಿನಷ್ಟು ತೆಳ್ಳಗಿನದ್ದು ಕಂದು ಬಿಡುವ ಮೊದಲೇ ಒಣಗುತ್ತದೆ. ಮುಂಗೈ ದಪ್ಪದ್ದನ್ನು ಕಡಿದರೆ ತಾಯಿಮರಕ್ಕೆ ಪೆಟ್ಟು. ಒಂದು ಮರದಿಂದ ಒಂದು ವರ್ಷಕ್ಕೆ ಎರಡು ಮೂರು ಬೇರು ಸಾಕು, ಅದೂ ಒಂದೇ ಬದಿಯಿಂದ.

ಹರಿತವಾದ ಕತ್ತಿಯಲ್ಲಿ ಒಂದು ಗೇಣು ಉದ್ದದ ತುಂಡುಗಳನ್ನು ಮಾಡಿ. ಕಾಂಡದ ಕಡೆಯ ತುದಿಯನ್ನು ನೇರ, ಹೊರಗಿನ ತುದಿಯನ್ನು ಓರೆಯಾಗಿ ಕಡಿಯಿರಿ. ಈ ಗುರುತು ತಪ್ಪಿದರೆ ಮತ್ತೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಗೊತ್ತಾಗುವುದಿಲ್ಲ. ಕಂದು ಹೆಚ್ಚಾಗಿ ಕಾಂಡದ ಕಡೆಯ ತುದಿಯಿಂದ ಏಳುತ್ತದೆ, ತಲೆಕೆಳಗಾಗಿ ಊರಿದ ತುಂಡು ಸುಮ್ಮನೆ ಕೂರುತ್ತದೆ. ಕಡಿದ ಕೂಡಲೇ ಹಾಲು ಜಿನುಗುತ್ತದೆ. ತುಂಡುಗಳನ್ನು ತೊಳೆದು ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿದ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ನೆರಳಿನಲ್ಲಿ ಆರಲು ಬಿಡಿ. ಬಿಸಿಲಿಗೆ ಅರ್ಧ ಗಂಟೆ ಇಟ್ಟರೂ ಸಿಪ್ಪೆ ಸುಕ್ಕಾಗುತ್ತದೆ. ಮರದಲ್ಲಿ ಉಳಿದ ಬೇರಿನ ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಿ ಮಣ್ಣು ಮುಚ್ಚುವುದನ್ನು ಮರೆಯಬೇಡಿ. 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಟ್ಟು ಒಂದು ಲೀಟರ್ ನೀರು, ಅಷ್ಟರಲ್ಲಿ ಊರಿನ ಅರ್ಧ ಮರಗಳಿಗೆ ಹಚ್ಚಬಹುದು.

ಊರುವುದಕ್ಕೆ ಮಣ್ಣು ಬೇಡ. ಹೊಳೆಯ ಹೊಯಿಗೆ (ಮರಳು) ಅರ್ಧ, ತೊಳೆದ ತೆಂಗಿನ ನಾರಿನ ಹುಡಿ ಅರ್ಧ. ಮಲ್ಪೆ, ಉಳ್ಳಾಲ ಕಡೆಯವರು ಕಡಲ ಬದಿಯ ಹೊಯಿಗೆ ತಂದರೆ ಉಪ್ಪು ಹೋಗುವ ತನಕ ನಾಲ್ಕೈದು ಸಲ ತೊಳೆಯಬೇಕು. ಬೇರಿನ ತುಂಡನ್ನು ಸ್ವಲ್ಪ ಓರೆಯಾಗಿ, ನೇರ ಕಡಿದ ತುದಿ ಮೇಲ್ಮೈಗೆ ಬರುವಂತೆ ಮಲಗಿಸಿ, ಬೆರಳಿನಷ್ಟು ಮುಚ್ಚಿ. ನೆರಳು ಬಲೆಯ ಅಡಿಯಲ್ಲೋ ಅಡಿಕೆ ಸೋಗೆಯ ಚಪ್ಪರದಡಿಯಲ್ಲೋ ಇಟ್ಟು ದಿನವೂ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು, ಧಾರೆ ಇಳಿದರೆ ಹೆಚ್ಚಾಯಿತು. ಕೊಳೆತ ತುಂಡಿನ ಸಿಪ್ಪೆ ಬೆರಳಿಗೆ ಜಾರುತ್ತದೆ, ಹುಳಿ ವಾಸನೆ ಬರುತ್ತದೆ. ಅಂಥದ್ದನ್ನು ಪಕ್ಕದ ತುಂಡಿಗೆ ಹಬ್ಬುವ ಮೊದಲೇ ತೆಗೆದೆಸೆಯಿರಿ.

ಒಂದು ತಿಂಗಳಲ್ಲಿ ಮೊದಲ ಕಂದು ಕಾಣಬಹುದು, ಕೆಲವು ಮೂರು ನಾಲ್ಕು ತಿಂಗಳೂ ತೆಗೆದುಕೊಳ್ಳುತ್ತವೆ. ಹೆಚ್ಚಿನ ಗಿಡ ಸಾಯುವುದು ಇದಾದ ಮೇಲೆಯೇ. ಕೆಂಪು ಕುಡಿ ಕಂಡ ಕೂಡಲೇ ಖುಷಿಯಲ್ಲಿ ಕಿತ್ತು ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಹಾಕುತ್ತಾರೆ. ಮೊದಲು ಬರುವುದು ಕುಡಿ, ಹೊಸ ಬೇರು ಆಮೇಲೆ. ಅಲ್ಲಿಯ ತನಕ ಆ ಕುಡಿ ಹಳೆಯ ಬೇರಿನ ತುಂಡಿನಲ್ಲಿದ್ದ ಪಿಷ್ಟವನ್ನೇ ತಿಂದುಕೊಂಡಿರುತ್ತದೆ. ಕುಡಿ ಒಂದು ಗೇಣಿಗೆ ಏರಿ, ಮೊದಲ ಎಲೆಗಳ ನಂತರ ಅಂಚು ಸೀಳಿದ ಎಲೆಗಳು ಬಂದ ಮೇಲೆ ಒಂದನ್ನು ಮೆಲ್ಲನೆ ಎತ್ತಿ ನೋಡಿ. ಬಿಳಿ ಎಳೆ ಬೇರು ಕಂಡರೆ ಮಾತ್ರ ಉಳಿದವಕ್ಕೆ ಕೈಹಾಕಿ. ಒಂದೇ ತುಂಡಿನಲ್ಲಿ ಎರಡು ಮೂರು ಕುಡಿ ಬಂದಿದ್ದರೆ ಗಟ್ಟಿಯಾದ ಒಂದನ್ನು ಇಟ್ಟು ಉಳಿದವನ್ನು ಚಿವುಟಿ. ಈ ಮರದ ವಿಷಯದಲ್ಲಿ ಅವಸರ ಯಾರಿಗೂ ನಡೆದಿಲ್ಲ. ತಾಹಿತಿಯಿಂದ ಗಿಡ ಒಯ್ಯಲು 1788ರಲ್ಲಿ ಬಂದ ಬ್ರಿಟಿಷರ 'ಬೌಂಟಿ' ಹಡಗು, ಗಿಡಗಳು ಕುಂಡದಲ್ಲಿ ಬೇರು ಹಿಡಿಯಲೆಂದು ಐದು ತಿಂಗಳು ಅಲ್ಲೇ ನಿಂತಿತ್ತು. ಸಾವಿರಕ್ಕೂ ಮಿಕ್ಕಿದ ಗಿಡ ಹೇರಿಕೊಂಡು ಹೊರಟ ಮೇಲೆ 1789ರ ಏಪ್ರಿಲಿನಲ್ಲಿ ನಾವಿಕರು ದಂಗೆ ಎದ್ದು ಗಿಡಗಳನ್ನೆಲ್ಲ ಕಡಲಿಗೆ ಎಸೆದದ್ದು ಬೇರೆ ಕಥೆ.

ತೊಟ್ಟೆಗೆ ಕೆಂಪು ಮಣ್ಣು, ಹೊಯಿಗೆ, ಹುಡಿಯಾದ ಹಟ್ಟಿಗೊಬ್ಬರ ಸಮಸಮ. ತೊಟ್ಟೆ ಕನಿಷ್ಠ ಒಂದು ಅಡಿ ಎತ್ತರದ್ದಿರಲಿ, ತಳದಲ್ಲಿ ತೂತು ಜಾಸ್ತಿ ಇರಲಿ. ಮಳೆಗಾಲದಲ್ಲಿ ಮಾಡಿನ (ಛಾವಣಿಯ) ನೀರು ಬೀಳುವಲ್ಲಿ ಇಡಬೇಡಿ.

ಇಷ್ಟೆಲ್ಲ ಬೇಡವೆನಿಸಿದರೆ ಸುಲಭದ ದಾರಿ ಒಂದಿದೆ. ಮರದಲ್ಲಿರುವ ಬೇರನ್ನೇ ಕಡಿಯದೆ, ಮಣ್ಣು ಸರಿಸಿ ಮೇಲ್ಭಾಗದ ಸಿಪ್ಪೆಗೆ ಎರಡಿಂಚು ಗಾಯ ಮಾಡಿ, ಹುಡಿಮಣ್ಣು ತರಗೆಲೆ ಮುಚ್ಚಿ ತೇವ ಇಡಿ. ಅಲ್ಲಿಂದ ಕಂದು ಏಳುತ್ತದೆ. ಅದು ಒಂದೂವರೆ ಎರಡು ಅಡಿಗೆ ಬೆಳೆದು ದಂಟು ಗಟ್ಟಿಯಾದ ಮೇಲೆ, ತಾಯಿಮರದ ಕಡೆಯ ಬೇರನ್ನು ಮಾತ್ರ ಕಡಿದು, ಒಂದು ತಿಂಗಳು ಅಲ್ಲೇ ಬಿಡಿ. ಆಮೇಲೆ ಎಲೆಗಳನ್ನು ಅರ್ಧ ಕತ್ತರಿಸಿ ಮಣ್ಣಿನ ಮುದ್ದೆ ಸಮೇತ ಎಬ್ಬಿಸಿ. ಕಡಿದ ದಿನವೇ ಕಿತ್ತರೆ ನೂರಕ್ಕೆ ನೂರು ಬಾಡುತ್ತದೆ. ಒಂದೆರಡು ಗಿಡ ಸಾಕೆನ್ನುವವರಿಗೆ ಇದೇ ಒಳ್ಳೆಯದು. ಗೆಲ್ಲಿನಲ್ಲಿ ಗೂಟಿ ಕಟ್ಟುವುದೂ (ಸಿಪ್ಪೆ ಸುಲಿದಲ್ಲಿ ತೇವದ ಹುಡಿ ಸುತ್ತಿ ಬೇರು ಬರಿಸುವುದೂ) ಆಗುತ್ತದೆ, ಮಳೆ ಶುರುವಾಗುವಾಗ ಕಟ್ಟಿದರೆ ಎರಡರಿಂದ ನಾಲ್ಕು ತಿಂಗಳಲ್ಲಿ ಬೇರು ಬರುತ್ತದೆ, ಫಸಲೂ ಬೇಗ.

ನರ್ಸರಿಯಲ್ಲಿ ಕೊಳ್ಳುವಾಗ

ಬೀಜದಿಂದ ಎದ್ದ ಗಿಡವನ್ನು ಜೀಗುಜ್ಜೆ ಎಂದು ಕೊಟ್ಟರೆ ಅದು ಬೇರೆ ಜಾತಿ, ಕಾಯಿಯ ಮೈತುಂಬ ಮೆತ್ತನೆ ಮುಳ್ಳು, ಒಳಗೆ ತುಂಬ ಬೀಜ. ಬೀಜ ಬೇಯಿಸಿ ತಿನ್ನಲು ಚೆನ್ನ, ಪೋಡಿಗೆ (ಬಜ್ಜಿಗೆ) ಬಾರದು. ಗಿಡದ ಬುಡ ಕೆದಕಿ ನೋಡಿದರೆ ಗೊತ್ತಾಗುತ್ತದೆ. ಬೇರಿನ ಗಿಡವಾದರೆ ಅಡ್ಡ ಮಲಗಿದ ದಪ್ಪ ಬೇರಿನ ತುಂಡು ಇರುತ್ತದೆ.

ಹೆಬ್ಬಲಸಿನ ಮೇಲೆ ಕಸಿ ಕಟ್ಟಿದ್ದಾದರೆ ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಆಗಾಗ ಮುರಿಯಬೇಕು. ಇಲ್ಲಿ ಕಣ್ಣು ಮೋಸ ಹೋಗುತ್ತದೆ, ಏಕೆಂದರೆ ಎಳೆ ಹೆಬ್ಬಲಸಿನ ಎಲೆಯೂ ಜೀಗುಜ್ಜೆಯ ಹಾಗೆಯೇ ಸೀಳಿರುತ್ತದೆ. ಮುಟ್ಟಿ ನೋಡಿ. ಹೆಬ್ಬಲಸಿನ ಎಳೆ ದಂಟು, ಎಲೆಯ ಅಡಿ ಒರಟು ರೋಮದಿಂದ ಕೂಡಿರುತ್ತದೆ. ಎರಡು ವರ್ಷ ನೀರು ಹಾಕಿ ಸಾಕಿದ ಮೇಲೆ ಅದು ಪೆಜಕಾಯಿ (ಹೆಬ್ಬಲಸು) ಮರ ಎಂದು ಗೊತ್ತಾದರೆ ಬೇಸರವಾಗದೆ ಇರುತ್ತದೆಯೇ?

ಜಾಗ ಮತ್ತು ಗುಂಡಿ

ಮರ 40, 50 ಅಡಿಗೆ ಏರುವಂಥದ್ದು, ಗೆಲ್ಲು ಪೆಳಸು, ಬೇಗ ಮುರಿಯುತ್ತದೆ. ಮಾಡು, ಕರೆಂಟಿನ ತಂತಿ, ಬಾವಿಕಟ್ಟೆ, ಶೌಚದ ಗುಂಡಿ ಇವುಗಳಿಂದ 25 ಅಡಿ ದೂರವಿಡಿ. ಮರದಿಂದ ಮರಕ್ಕೆ 30 ಅಡಿ. ಅದರ ದೊಡ್ಡ ಎಲೆ ಒಂದೇ ಸಾಕು, ಮಾಡಿನ ನೀರಿನ ದಂಬೆ ಕಟ್ಟಿಕೊಳ್ಳಲು.

ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಜಾಗದಲ್ಲಿ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಗಟ್ಟಿ ಮುರಕಲ್ಲಿನಲ್ಲಿ ಕಡಿದ ಗುಂಡಿ ಆಟಿಯಲ್ಲಿ ತೊಟ್ಟಿಯೇ ಆಗಿಬಿಡುತ್ತದೆ. ಮೇಲೆ ಮಣ್ಣು ತುಂಬಿರುವುದರಿಂದ ಒಳಗೆ ನಿಂತ ನೀರು ಯಾರಿಗೂ ಕಾಣುವುದಿಲ್ಲ. ಗುಂಡಿ ತೋಡಿದ ದಿನ ಅದಕ್ಕೆ ನೀರು ತುಂಬಿಸಿ ನೋಡಿ. ಮರುದಿನ ಅದೇ ಹೊತ್ತಿಗೂ ನೀರು ಉಳಿದಿದ್ದರೆ ತಗ್ಗಿನ ಬದಿಗೆ ಒಂದು ಕಣಿ ಕಡಿದು ತಳದ ನೀರು ಹೊರಗೆ ಹೋಗುವಂತೆ ಮಾಡಿ. ಆಗದಿದ್ದರೆ ಆಳದ ಗುಂಡಿಯ ಆಸೆ ಬಿಟ್ಟು, ನೆಲದ ಮೇಲೆ ಆರಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಬೇರು ಮೇಲ್ಮಣ್ಣಿನಲ್ಲೇ ಓಡುವ ಮರಕ್ಕೆ ದಿಬ್ಬ ಏನೂ ಕಡಿಮೆಯಲ್ಲ. ಗದ್ದೆಯ ಬದು, ಅಡಿಕೆ ತೋಟದ ತಗ್ಗಿನ ಮೂಲೆ, ಬಚ್ಚಲ ನೀರು ನಿಲ್ಲುವ ಜಾಗ ಬೇಡ. ತಿಂಗಳಿಗೊಮ್ಮೆ ನಾಲ್ಕು ದಿನ ನೀರು ನಿಂತರೂ ಎಲೆ ಹಳದಿಯಾಗಿ ತುದಿ ಒಣಗಲು ಶುರು. ಕಡಲ ಬದಿಯ ಹೊಯಿಗೆ ನೆಲದಲ್ಲಿ ಮರ ಚೆನ್ನಾಗಿ ಬರುತ್ತದೆ. ಶಾಂತಸಾಗರದ ಹವಳ ದ್ವೀಪಗಳಲ್ಲೂ ಅದು ಬೆಳೆಯುವುದು ಅಂಥ ನೆಲದಲ್ಲೇ. ಗೊಬ್ಬರ, ಬೇಸಿಗೆ ನೀರು ಮಾತ್ರ ಹೆಚ್ಚು ಬೇಕು.

ನಮ್ಮ ಮಣ್ಣು ಹುಳಿ. ಗುಂಡಿಯ ಮಣ್ಣಿಗೆ ಅರ್ಧ ಕಿಲೋ ಸುಣ್ಣ ಬೆರೆಸಿ ಎರಡು ಮೂರು ವಾರ ಬಿಡಿ. ಆಮೇಲೆ 10 ಕಿಲೋ ಹುಡಿಯಾದ ಹಟ್ಟಿಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ, ಅರ್ಧ ಕಿಲೋ ಎಲುಬಿನ ಹುಡಿ, ಎರಡು ಬುಟ್ಟಿ ಸುಡುಮಣ್ಣು ಸೇರಿಸಿ ತುಂಬಿಸಿ. ಸುಣ್ಣ, ಗೊಬ್ಬರ ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಹಸಿ ಸೆಗಣಿ ಹಾಕಿದರೆ ಗೆದ್ದಲು ಬರುತ್ತದೆ, ಎಳೆ ಬೇರೂ ಸುಡುತ್ತದೆ.

ಪತ್ತನಾಜೆ (ಮೇ 24ರ ಸುಮಾರು) ಕಳೆದು ಒಂದೆರಡು ಮಳೆ ಬಿದ್ದಾಗ ನೆಟ್ಟರೆ ಗಿಡ ಜೋರು ಮಳೆಗೆ ಮೊದಲೇ ಬೇರು ಬಿಡುತ್ತದೆ. ಅದು ತಪ್ಪಿದರೆ ಕಾರ್ತೆಲಿನ (ಜೂನ್-ಜುಲೈ) ಸುರಿಮಳೆಯಲ್ಲಿ ನೆಡುವ ಬದಲು ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ತನಕ ಕಾಯಿರಿ. ತೊಟ್ಟೆಯ ಮಣ್ಣಿನ ಮಟ್ಟ ನೆಲಕ್ಕಿಂತ ಎರಡಿಂಚು ಮೇಲಿರಲಿ. ತೊಟ್ಟೆ ಸೀಳುವಾಗ ಮಣ್ಣಿನ ಮುದ್ದೆ ಒಡೆಯದಂತೆ ನೋಡಿ. ಗಾಳಿಗೆ ಅಲುಗಾಡದಂತೆ ಒಂದು ಊರುಗೋಲು, ಪಡುವಣ ಬಿಸಿಲಿಗೆ ಮೊದಲ ಬೇಸಿಗೆಯಲ್ಲಿ ತೆಂಗಿನ ಮಡಲಿನ ಮರೆ ಕೊಡಿ. ಸುತ್ತ ಬೇಲಿ ಹಾಕದಿದ್ದರೆ ದನ ಒಂದು ಬಾಯಿಗೆ ತಲೆ ಮುರಿಯುತ್ತದೆ. ಎಲೆ ಅದಕ್ಕೆ ಅಷ್ಟು ರುಚಿ.

ನೀರು, ಗೊಬ್ಬರ, ಸವರುವುದು

ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಒಂದು ಕೊಡ ನೀರು. ಬುಡಕ್ಕೆ ತರಗೆಲೆ, ಸೊಪ್ಪು ದಪ್ಪಕ್ಕೆ ಮುಚ್ಚಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ತಾಗಿದಲ್ಲಿ ಸಿಪ್ಪೆ ಕೊಳೆಯುತ್ತದೆ. ಬೇರಿನ ಗಿಡ ಸಾಮಾನ್ಯವಾಗಿ ನಾಲ್ಕರಿಂದ ಆರನೆಯ ವರ್ಷಕ್ಕೆ ಕಾಯಿ ಬಿಡುತ್ತದೆ. ದೊಡ್ಡ ಮರಕ್ಕೂ ಮಾಯಿ ತಿಂಗಳಿನಿಂದ (ಫೆಬ್ರವರಿ-ಮಾರ್ಚ್) ಬೇಶದ (ಮೇ-ಜೂನ್) ತನಕ ಹತ್ತು ದಿನಕ್ಕೊಮ್ಮೆ ನೀರು ಕೊಟ್ಟರೆ ಕಾಯಿ ನಿಲ್ಲುವುದು ಹೆಚ್ಚು, ಹೂ ಕಾಣಿಸಿ ಕಾಯಿ ಕಟ್ಟುವ ಹೊತ್ತು ಅದು.

ಗೊಬ್ಬರಕ್ಕಾಗಿ ತೆಂಗಿಗೆ ಮಾಡುವಂತೆ ಸುತ್ತ ಬುಡ ಬಿಡಿಸಬೇಡಿ. ಅಗೆದಲ್ಲೆಲ್ಲ ಬೇರಿಗೆ ಗಾಯ, ಗಾಯವಾದಲ್ಲೆಲ್ಲ ಒಂದೋ ಕೊಳೆ, ಇಲ್ಲವೇ ಬೇಡದ ಕಂದು. ಫಲ ಬಿಡುವ ಮರಕ್ಕೆ ವರ್ಷಕ್ಕೆ 25 ಕಿಲೋ ಹಟ್ಟಿಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, ಎರಡು ಮೂರು ಕಿಲೋ ಒಲೆಬೂದಿಯನ್ನು ಎರಡು ಪಾಲು ಮಾಡಿ, ಒಂದು ಮಳೆಗೆ ಮೊದಲು, ಇನ್ನೊಂದು ಸೋಣದಲ್ಲಿ, ಗೆಲ್ಲಿನ ನೆರಳು ಬೀಳುವ ಅಂಚಿನಲ್ಲಿ ಹರಡಿ ತರಗೆಲೆ ಮುಚ್ಚಿದರೆ ಸಾಕು. ಬೂದಿಯನ್ನು ಗೊಬ್ಬರದ ಜತೆ ಕಲಸಬೇಡಿ, ಹದಿನೈದು ದಿನ ಬಿಟ್ಟು ಹಾಕಿ. ಯೂರಿಯಾ ಜಾಸ್ತಿ ಸುರಿದ ಮರ ನೋಡಲು ದಟ್ಟ ಹಸಿರು, ಕಾಯಿ ಮಾತ್ರ ನಾಲ್ಕೇ ನಾಲ್ಕು.

ಸವರುವ ವಿಷಯದಲ್ಲಿ ಜನರು ಹೆಚ್ಚು ಎಡವುತ್ತಾರೆ. ಹಲಸಿನ ಗೆಲ್ಲು ಯಾವಾಗ ಕಡಿದರೂ ಕಾಂಡದ ಕಾಯಿಗೆ ತೊಂದರೆಯಿಲ್ಲ. ಜೀಗುಜ್ಜೆಯ ಹೂ ಬರುವುದು ಗೆಲ್ಲಿನ ತುದಿಯ ಎಲೆಗಳ ಸಂದಿಯಲ್ಲಿ. ಜನವರಿಯಲ್ಲಿ ಸೊಪ್ಪಿಗೆಂದು ತುದಿ ಕಡಿದರೆ ಆ ವರ್ಷದ ಪೋಡಿಯನ್ನೇ ಕಡಿದಂತೆ. ಕೊಯ್ಲು ಮುಗಿದ ಮೇಲೆ, ಸೋಣ ಅಥವಾ ನಿರ್ನಾಲದಲ್ಲಿ (ಸೆಪ್ಟೆಂಬರ್-ಅಕ್ಟೋಬರ್), ಎರಡು ದಿನ ಮಳೆ ಬಿಟ್ಟಾಗ ಸವರಿ. ಗಿಡ ಆರಡಿಗೆ ಬಂದಾಗ ತಲೆ ಚಿವುಟಿ, ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು ನಾಲ್ಕು ಗೆಲ್ಲು ಉಳಿಸಿಕೊಳ್ಳಿ. ಆಮೇಲೆ ಪ್ರತಿ ವರ್ಷ ನೇರ ಮೇಲೇರುವವುಗಳನ್ನು ತಗ್ಗಿಸಿ ಮರವನ್ನು 18, 20 ಅಡಿಯಲ್ಲಿ ನಿಲ್ಲಿಸಿ. ಒಂದೇ ಸಲ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಗೆಲ್ಲಿಗೆ ಮೊದಲು ಅಡಿಯಿಂದ ಅರ್ಧ ಗರಗಸ ಹಾಕಿ ಮತ್ತೆ ಮೇಲಿನಿಂದ ಕುಯ್ಯಿರಿ. ಮೇಲಿನಿಂದಲೇ ಕುಯ್ದರೆ ಭಾರಕ್ಕೆ ಬಗ್ಗಿ ಕಾಂಡದ ಸಿಪ್ಪೆಯನ್ನು ಮೊಳಗಟ್ಟಲೆ ಸೀಳಿಕೊಂಡು ಬೀಳುತ್ತದೆ. ಗಾಯಕ್ಕೆ ಬೋರ್ಡೊ ಮುಲಾಮು. ಎತ್ತರ ಬಿಟ್ಟುಬಿಟ್ಟರೆ ಮತ್ತೆ ಹತ್ತುವವರು ಬೇಕು. ಮಳೆಗಾಲದಲ್ಲಿ ಜಾರುವ, ಪಟಕ್ಕನೆ ಮುರಿಯುವ ಈ ಮರಕ್ಕೆ ಯಾರನ್ನೂ ಹತ್ತಿಸಬಾರದು.

ಕಾಯಿ ಉದುರಿದರೆ

ಮೊದಲು ಉದುರಿದ್ದು ಏನೆಂದು ನೋಡಿ. ಬೆರಳು ದಪ್ಪದ, ಒಂದು ಗೇಣು ಉದ್ದದ, ಹಳದಿಯಿಂದ ಕಂದಾಗುವ ಮೆತ್ತನೆಯ ಕೋಡುಗಳಾದರೆ ಅವು ಗಂಡು ಹೂ. ಪ್ರತಿ ಗೆಲ್ಲಿನಲ್ಲೂ ಅವೇ ಮೊದಲು ಬಂದು, ಕೆಲಸ ಮುಗಿಸಿ ಉದುರುತ್ತವೆ. ಉಂಡೆಯಾಕಾರದ ಹೆಣ್ಣು ಹೂ ಆಮೇಲೆ ಬಂದು ಕಾಯಾಗುತ್ತದೆ. ಕೋಡು ಉದುರಿತೆಂದು ಔಷಧಿ ಹೊಡೆಯುವುದು ದಂಡ. ಒಣಗಿಸಿ ಸಂಜೆ ಹೊಗೆ ಹಾಕಿದರೆ ಸೊಳ್ಳೆ ದೂರ ಹೋಗುತ್ತದೆ, ಶಾಂತಸಾಗರದ ದ್ವೀಪಗಳಲ್ಲಿ ಇದು ಹಳೆಯ ರೂಢಿ.

ನಿಂಬೆ ಗಾತ್ರದ ಕಾಯಿಗಳು ಏಪ್ರಿಲ್, ಮೇಯಲ್ಲಿ ಉದುರಿದರೆ ನೀರಿನ ಕೊರತೆ. ತೊಟ್ಟಿನ ಬಳಿ ಕಪ್ಪಾಗಿ, ಮೇಲೆ ಬೂದು ಬೂಷ್ಟು ಹಿಡಿದು ಜೂನ್, ಜುಲೈಯಲ್ಲಿ ಉದುರಿದರೆ ಕೊಳೆರೋಗ. ಅಡಿಕೆಗೆ ಹೊಡೆಯುವ ಶೇಕಡಾ 1ರ ಬೋರ್ಡೊ ಇದಕ್ಕೂ ಆಗುತ್ತದೆ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ತಿರುಗಾ ಮುರುಗಾ ಅಲ್ಲ. ಉಜ್ಜಿ ಬೆಳಗಿದ ಕತ್ತಿ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಕಡಿಮೆ. ಮುಂಗಾರು ಶುರುವಾಗುವ ಮುನ್ನ ಒಮ್ಮೆ, ಬಿಡುವು ಸಿಕ್ಕಾಗ ತಿಂಗಳ ನಂತರ ಇನ್ನೊಮ್ಮೆ. ಹೊಡೆದ ಮೇಲೆ ಮೂರು ವಾರ ಕಾಯಿ ಕೊಯ್ಯಬೇಡಿ. ಔಷಧಿಗಿಂತ ದೊಡ್ಡ ಕೆಲಸ ಬಿದ್ದ ಕಾಯಿ, ಕೋಡುಗಳನ್ನು ಅಂದೇ ಹೆಕ್ಕಿ ದೂರ ಹೂಳುವುದು, ಮರದ ನಡುವೆ ಗಾಳಿ ಆಡುವಂತೆ ಸವರುವುದು.

ತೊಟ್ಟಿನಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಜತೆಗೆ ಇರುವೆ ಸಾಲೂ ಇರುತ್ತದೆ. ಇರುವೆ ತಡೆದರೆ ಅರ್ಧ ಕೆಲಸ ಆಯಿತು, ಉಳಿದದ್ದಕ್ಕೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಗೆ ಸ್ವಲ್ಪ ಸಾಬೂನು ಕಲಸಿ ಸಿಂಪಡಿಸಿ. ಇಡೀ ಮರ ಒಮ್ಮೆಗೇ ಬಾಡಿದರೆ ಎಲೆ ನೋಡಿ ಪ್ರಯೋಜನವಿಲ್ಲ, ಬೇರು ನೋಡಿ. ಹತ್ತಿರದಲ್ಲಿ ಜೆಸಿಬಿ ಕೆಲಸ ಆಗಿದೆಯೇ, ಹೊಸ ಕಟ್ಟೆ ಕಟ್ಟಿ ಬುಡಕ್ಕೆ ಮಣ್ಣು ಏರಿಸಿದ್ದೀರಾ, ಚರಂಡಿ ಕಟ್ಟಿಕೊಂಡಿದೆಯೇ ಎಂದು ಹುಡುಕಿದರೆ ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಕೊಯ್ಯುವುದು, ಇಡುವುದು

ಹೂ ಕಂಡಲ್ಲಿಂದ 15ರಿಂದ 19 ವಾರಕ್ಕೆ ಕಾಯಿ ಬಲಿಯುತ್ತದೆ. ವಾರ ಎಣಿಸುವುದಕ್ಕಿಂತ ಸಿಪ್ಪೆ ನೋಡುವುದು ಮೇಲು. ಎಳೆ ಕಾಯಿಯ ಮೈ ಗಾಢ ಹಸಿರು, ಪ್ರತಿ ಕಣ್ಣಿನಲ್ಲೂ ಸಣ್ಣ ಮೊನೆ ಕೈಗೆ ಒರಟಾಗಿ ತಾಗುತ್ತದೆ. ಬಲಿತಂತೆ ಮೊನೆ ಇಳಿದು ಕಣ್ಣು ಅಗಲವಾಗಿ ಚಪ್ಪಟೆಯಾಗುತ್ತದೆ, ಹಸಿರು ಹಳದಿಗೆ ತಿರುಗುತ್ತದೆ, ಕಣ್ಣುಗಳ ಸಂದಿ ಕಂದಾಗುತ್ತದೆ, ಅಲ್ಲಲ್ಲಿ ಮೇಣ ಜಿನುಗಿ ಒಣಗಿದ ಬಿಳಿ ಕಲೆ ಕಾಣುತ್ತದೆ. ಆಗ ಕೊಯ್ದದ್ದೇ ಪೋಡಿಗೂ ಸುಕ್ಕಕ್ಕೂ (ತೆಂಗಿನತುರಿಯ ಒಣ ಪಲ್ಯಕ್ಕೂ) ಸರಿ. ಒಳ್ಳೆಯ ಮರ ವರ್ಷಕ್ಕೆ 100ರಿಂದ 200 ಕಾಯಿ ಕೊಡುತ್ತದೆ.

ದೋಟಿಯ ತುದಿಗೆ ಕತ್ತಿಯ ಜತೆ ಬಲೆ ಚೀಲ ಕಟ್ಟಿಕೊಳ್ಳಿ. ನೆಲಕ್ಕೆ ಬಿದ್ದ ಕಾಯಿ ಹೊರಗೆ ಚೆನ್ನಾಗಿ ಕಂಡರೂ ಪೆಟ್ಟಾದ ಬದಿ ಮರುದಿನವೇ ಮೆತ್ತಗಾಗುತ್ತದೆ. ಎರಡಿಂಚು ತೊಟ್ಟು ಉಳಿಸಿ ಕೊಯ್ದು, ಮನೆಗೆ ತಂದ ಮೇಲೆ ತೊಟ್ಟು ಮುರಿದು, ತೊಟ್ಟಿನ ಬದಿ ಕೆಳಗೆ ಮಾಡಿ ಒಂದೆರಡು ಗಂಟೆ ಇಟ್ಟರೆ ಮೇಣ ಇಳಿಯುತ್ತದೆ. ಬಲಿತ ಕಾಯಿ ಮನೆಯ ಸೆಕೆಯಲ್ಲಿ ಒಂದರಿಂದ ಮೂರು ದಿನದಲ್ಲಿ ಹಣ್ಣಾಗುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ದಿನವೂ ನೀರು ಬದಲಿಸಿದರೆ ಇನ್ನೂ ಕೆಲವು ದಿನ ಗಟ್ಟಿಯಾಗಿಯೇ ಉಳಿಯುತ್ತದೆ. ಇಡಿಯಾಗಿ ಫ್ರಿಜ್ಜಿಗೆ ಹಾಕಿದರೆ ಸಿಪ್ಪೆ ಕಂದಾಗುತ್ತದೆ, ಹೆದರಬೇಕಾಗಿಲ್ಲ, ಒಳಗೆ ಸರಿ ಇರುತ್ತದೆ.

ಒಲೆಯ ಬಳಿ

ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿ. ಉದ್ದಕ್ಕೆ ನಾಲ್ಕು ಹೋಳು ಮಾಡಿ, ನಡುವಿನ ಬೆಂಡಿನಂಥ ಗೂಂಜು ತೆಗೆದು, ಸಿಪ್ಪೆ ದಪ್ಪಕ್ಕೆ ಹೆರೆಯಿರಿ. ಹಸಿರು ಉಳಿದರೆ ಆ ಜಾಗ ಬೇಯುವುದಿಲ್ಲ. ಹೆಚ್ಚಿದ್ದನ್ನು ಕೂಡಲೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ.

ಪೋಡಿಗೆ ಒಂದು ಕಿಲೋದ ಕಾಯಿಗೆ ಒಂದು ಲೋಟ ಕಡಲೆಹಿಟ್ಟು, ಕಾಲು ಲೋಟ ಅಕ್ಕಿಹಿಟ್ಟು, ಒಂದೂವರೆ ಚಮಚ ಮೆಣಸಿನಹುಡಿ, ಇಂಗು, ಓಮ, ಉಪ್ಪು. ಹೋಳು ಕಾಲಿಂಚಿಗಿಂತ ದಪ್ಪ ಬೇಡ. ದಪ್ಪವಾದರೆ ಹಿಟ್ಟು ಕೆಂಪಾದಾಗಲೂ ಒಳಗೆ ಹಸಿ. ನೀರು ಪೂರ್ತಿ ಒರೆಸಿಯೇ ಹಿಟ್ಟಿನಲ್ಲಿ ಅದ್ದಿ, ನಡು ಉರಿಯಲ್ಲಿ ನಾಲ್ಕೈದು ನಿಮಿಷ ಎಣ್ಣೆಯಲ್ಲಿ ಕಾಯಿಸಿ. ಕೊಂಕಣಿ ಮನೆಗಳ ರೀತಿಯಲ್ಲಾದರೆ ಮೆಣಸಿನಹುಡಿ, ಇಂಗು, ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಅಕ್ಕಿ ತರಿಯಲ್ಲಿ ಹೊರಳಿಸಿ, ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಮಾಡುವುದು. ನಮ್ಮ ಮತ ಎರಡನೆಯದಕ್ಕೆ, ಕಾಯಿಯ ರುಚಿ ಹಿಟ್ಟಿನಡಿ ಅಡಗುವುದಿಲ್ಲ. ಪೋಡಿ ಎಣ್ಣೆ ಕುಡಿದರೆ ಕಾಯಿ ಹಣ್ಣಿಗೆ ತಿರುಗಿದೆ ಎಂದರ್ಥ. ಅಂಥದ್ದನ್ನು ಬೆಲ್ಲ, ಅಕ್ಕಿಹಿಟ್ಟಿನ ಜತೆ ಮುಳ್ಕ (ಎಣ್ಣೆಯಲ್ಲಿ ಕರಿದ ಸಿಹಿ ಉಂಡೆ) ಮಾಡಿ.

ಕಡಲೆ ಹಾಕಿ ಗಸಿ (ತೆಂಗಿನಕಾಯಿ ಮಸಾಲೆಯ ಗಟ್ಟಿ ಸಾರು) ಮಾಡುವಾಗ ಕಡಲೆ ಬೇರೆ ಬೇಯಿಸಿ, ಜೀಗುಜ್ಜೆಯನ್ನು ಕೊನೆಗೆ ಹತ್ತು ನಿಮಿಷಕ್ಕೆ ಸೇರಿಸಿ. ಕುಕ್ಕರಿನಲ್ಲಿ ಎರಡೂ ಒಟ್ಟಿಗೆ ಹಾಕಿದರೆ ಹೋಳು ಕರಗಿ ಗಂಜಿಯಾಗುತ್ತದೆ. ಕೊದ್ದೆಲಿಗೂ (ಸಾಂಬಾರಿಗೂ) ಹೀಗೆಯೇ, ಹುಳಿ ಮಾತ್ರ ಹೋಳು ಬೆಂದ ಮೇಲೆ. ಮೊದಲೇ ಹಾಕಿದರೆ ಹೋಳು ಗಟ್ಟಿ ಕೂರುತ್ತದೆ.

ಮಳೆಗಾಲದಲ್ಲಿ ಕಾಯಿ ಮಿಕ್ಕಿದರೆ ಹೋಳುಗಳನ್ನು ಉಪ್ಪು ನೀರಿನಲ್ಲಿ ಐದು ನಿಮಿಷ ಕುದಿಸಿ, ಬಸಿದು, ಬಟ್ಟೆಯ ಮೇಲೆ ಆರಿಸಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ತೊಟ್ಟೆಗೆ ತುಂಬಿ. ಹಸಿಯಾಗಿಯೇ ಇಟ್ಟರೆ ತಿಂಗಳಲ್ಲಿ ಕಪ್ಪಾಗಿ ರಬ್ಬರಿನಂತಾಗುತ್ತದೆ. ಗಸಿಗೆ ಹೋಳನ್ನು ಫ್ರೀಜರಿನಿಂದ ನೇರ ಕುದಿಯುವ ಮಸಾಲೆಗೆ ಹಾಕಬಹುದು. ಪೋಡಿಗಾದರೆ ಪೂರ್ತಿ ಕರಗಿಸಿ, ನೀರು ಒರೆಸಿಯೇ ಎಣ್ಣೆಗೆ ಬಿಡಬೇಕು, ಮಂಜು ಅಂಟಿದ ಹೋಳು ಬಿದ್ದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ.